ಒಂದು ಗ್ರಾಂ

ಬೈತಖೋಲದ ಮಂಕಾಳಿ ತಾಂಡೇಲ ತಂಬಾಕಿನ ಡಬ್ಬಿ ತಂದು
ಅಪ್ಪನ ಗಾಜಿನ ಮೇಜಿನ ಮೇಲೆ ಬೋರಲು ಹಾಕಿದ.
ಕೆಲವು ಖಣ್ಣೆಂದವು.
ಕೆಲವು ಸದ್ದೇ ಇಲ್ಲದೆ ಬಿದ್ದವು, ಮೀನಿನ ಹುರುಪೆಯ ಹಾಗೆ.

“ಅದಿರಿನ ಹಡಗಿನವ ಕೊಟ್ಟದ್ದು ರಾಯ್ಕರಮಾಮ,
ಒಂದು ಬುಟ್ಟಿ ಶೆಟ್ಲಿಗೆ. ಜಪಾನಿನವಂತೆ.
ಕರಗಿಸಿದರೆ ಎಷ್ಟಾದೀತು?”

ಅಪ್ಪ ಕರಗಿಸುವ ಮೊದಲು ನೋಡುವವನು.
ಕಣ್ಣಿಗೆ ಬೂದುಗಾಜು ಸಿಕ್ಕಿಸಿ
ತಾಮ್ರದ ಬಣ್ಣದ್ದನ್ನು ಬೆಳಕಿಗೆ ಹಿಡಿದ:
ಒಂದು ಮನೆ. ಸೂರಿನ ತುದಿ ದೋಣಿಮೂತಿಯಂತೆ ಮೇಲಕ್ಕೆದ್ದಿದೆ,
ಅಂಗಳದಲ್ಲಿ ಯಾರೂ ಇಲ್ಲ.
ಬೆಳ್ಳಗಿನ ದೊಡ್ಡದರಲ್ಲಿ ಹೂಗಳು,
ಎಸಳಿನ ತುದಿ ಇಲಿ ಕಡಿದಷ್ಟೇ ಸೀಳು,
ಬೆನ್ನಿಗೆ ನಲವತ್ತೆಂಟು ಎಂಬ ಇಸವಿ.
“ಅರೆ, ನಾನು ಹುಟ್ಟಿದ್ದೂ ಆವಾಗಲೇ!” ಮಂಕಾಳಿಗೆ ಖುಷಿ.
(ಅದು ಅವರ ರಾಜ ಪಟ್ಟವೇರಿದ ಲೆಕ್ಕದ್ದು, ಆ ನಾಣ್ಯಕ್ಕೆ
ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ ಎಂದು
ನನಗೆ ಗೊತ್ತಾಗುವಾಗ ಮಂಕಾಳಿ ಇರಲಿಲ್ಲ.)

ಆಮೇಲೆ ಹಿತ್ತಾಳೆಯದು, ನಡುವೆ ತೂತಿನದು.
ಎಲ್ಲಕ್ಕೂ ಅಂಕೆಯಿದೆ, ಇದಕ್ಕಿಲ್ಲ.
ಎಷ್ಟರದ್ದೆಂದು ಓದಬಲ್ಲವರು ಕಾರವಾರದಲ್ಲಿ ಯಾರು?
ತೂತಿನ ಸುತ್ತ ಯಂತ್ರದ ಹಲ್ಲು,
ಅದರ ಮೇಲೆ ತಲೆಬಾಗಿದ ಭತ್ತದ ತೆನೆ,
ಕೆಳಗೆ ಗೆರೆಗೆರೆ ನೀರು.
“ಗದ್ದೆ, ಗಿರಣಿ, ಸಮುದ್ರ,
ಇಷ್ಟನ್ನೂ ಹಿಡಿಸಿ ನಡುವೆ ಖಾಲಿ ಬಿಟ್ಟಿದ್ದಾನೆ ನೋಡು ಮಗಾ.
ಕಸುಬು ಬಲ್ಲವನು.”
ಯುದ್ಧಕಾಲದ ನಮ್ಮ ತೂತುಕಾಸು ನೆನೆದು ಒಂದು ಗಳಿಗೆ ಸುಮ್ಮನಾದ.

ಕೊನೆಗೆ ಆ ಸದ್ದಿಲ್ಲದವು. ಐದು.
ಅಲ್ಯೂಮಿನಿಯಂ, ಮೇಲೊಂದು ಎಳೆಯ ಗಿಡ.
ಸುರಗಿ ಎಂದ ಮಂಕಾಳಿ. ಹೊನ್ನೆ ಎಂದ ಅಪ್ಪ.
ಐದನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದ,
ಆ ಕಡೆ ಹೋದ ತಿಂಗಳಷ್ಟೇ ಕೊಂಡ ಐದು ಗ್ರಾಮಿನ ಕಲ್ಲು:
ಮುಳ್ಳು ಅಲುಗಲಿಲ್ಲ.
ತಮಾಷೆಗೆಂದು ಒಂದೊಂದನ್ನೇ
ನಮ್ಮ ಹಳೆಯ ಒಂದು ಗ್ರಾಮಿನೆದುರು ಇಟ್ಟ.
ಐದಕ್ಕೆ ಐದೂ ಸಲ
ನಾಣ್ಯದ ತಟ್ಟೆ ಇಳಿಯಿತು.

ಅಪ್ಪನ ಕೈ ತಕ್ಕಡಿಯಲ್ಲೇ ಉಳಿಯಿತು.
“ಐದು ರೂಪಾಯಿ ಕೊಡುತ್ತೇನೆ, ಇವಿಷ್ಟಕ್ಕೆ.”
ಮಂಕಾಳಿ ಎಣಿಸಿಕೊಂಡು ಹೋದ,
ತೂತಿನದನ್ನು ಮಗುವಿನ ಉಡಿದಾರಕ್ಕೆಂದು ಇಟ್ಟುಕೊಂಡ.
ಅವನ ಹೆಂಡತಿಯ ಮೂಗುತಿ ನಮ್ಮಲ್ಲೇ ಆದದ್ದು.

ರಾತ್ರಿ ಅಪ್ಪ ಅಮ್ಮನಿಂದ ಒಂದು ಭತ್ತದ ಹೊಟ್ಟು ಬೇಡಿ
ಹಳೆಯ ಕಲ್ಲಿನ ಪಕ್ಕ ಇಟ್ಟ.
ಮುಳ್ಳು ನೆಟ್ಟಗಾಯಿತು.
ಒಂದು ಹೊಟ್ಟು.
ದೀಪಾವಳಿಗೊಮ್ಮೆ ಹುಣಸೆಹುಳಿ ಹಚ್ಚಿ
ಫಳಫಳ ಮಾಡುತ್ತಿದ್ದವಳು ಅಮ್ಮನೇ,
ಅದನ್ನು ಆಕೆಗೆ ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ.
ಹನ್ನೊಂದು ವರ್ಷದ ಖಾತೆ ತೆಗೆದು ಕೂತ:
ಮಾರಿದ್ದರಲ್ಲಿ ಗಿರಾಕಿಗೆ ಹೋದದ್ದು ಕಡಿಮೆ,
ಕೊಂಡದ್ದರಲ್ಲಿ ನಮಗೆ ಬಂದದ್ದು ಕಡಿಮೆ.
ಕಳೆದ, ಕೂಡಿದ, ಅಳಿಸಿದ.
ಕೊಂಡದ್ದು ಬಹಳ ಇರಲಿಲ್ಲ.

ನನಗೆ ಒಂದು ಬಿಲ್ಲೆ ಕೊಟ್ಟಿದ್ದ, ಆಡಿಕೋ ಎಂದು.
ಅಡುಗೆಮನೆಯಲ್ಲಿ ಲೋಟದ ನೀರ ಮೇಲೆ
ಮೆಲ್ಲಗೆ ಮಲಗಿಸಿದೆ. ಮುಳುಗಲಿಲ್ಲ.
ಹೆಸರಿಲ್ಲದ ಗಿಡ ನೀರ ಮೇಲೆ ತೇಲುತ್ತಿತ್ತು,
ಸುತ್ತ ನೀರು ತುಸುವೇ ತಗ್ಗಾಗಿ.
“ಅಪ್ಪಾ, ಬಾ ನೋಡು” ಎಂದೆ.
“ಬಂದೆ” ಎಂದ.
ಬಂದದ್ದು ನನಗೆ ನೆನಪಿಲ್ಲ.

ಅಂದಿನಿಂದ ಪ್ರತಿ ಮೂಗುತಿಗೂ
ಒಂದು ಹೊಟ್ಟಿನ ತೂಕ ಹೆಚ್ಚೇ ಇಡುತ್ತಿದ್ದ.
ಯಾರಾದರೂ ಕೇಳಿದರೆ, ತಕ್ಕಡಿ ಹಳತಾಯಿತು, ಎನ್ನುತ್ತಿದ್ದ.