ಹದಿನೇಳು

ಕೋಯಿಪಾಡಿ, ಬೆಳಿಗ್ಗೆ ಆರೂ ಮುಕ್ಕಾಲು.
ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗಿದೆ ಕಡಲು,
ಒಂದು ಕೂದಲೂ ಎದ್ದಿಲ್ಲ.
ಫೋನು ಹಸಿರು ತೋರಿಸುತ್ತದೆ: ಅಲೆ ಒಂದು ಮೀಟರು,
ಗಾಳಿ ಇಲ್ಲವೆನ್ನುವಷ್ಟು.
ಅನ್ಸೀಫ್ ಹಲಗೆಗಳಿಗೆ ಮೇಣ ತಿಕ್ಕುತ್ತಿದ್ದಾನೆ.
ಪುತ್ತೂರಿನ ಆರು ಹುಡುಗರು ಮುಂಗಡ ಕೊಟ್ಟು
ನಿದ್ದೆಗೆಟ್ಟು ಬಂದವರು. ಒಬ್ಬನ ಹುಟ್ಟುಹಬ್ಬ.

ನಾನಿನ್ನೂ ಚಪ್ಪಲಿ ಬಿಚ್ಚಿಲ್ಲ.
ನಿಂತು ಎಣಿಸುತ್ತಿದ್ದೇನೆ,
ಒಂದಲೆ ಮುರಿದು ಮುಂದಿನದು ಮುರಿಯುವವರೆಗೆ.
ಏಳೋ ಎಂಟೋ ಬಂದರೆ ನಮ್ಮದೇ ಗಾಳಿ ಎಬ್ಬಿಸಿದ್ದು,
ಬೈದರೂ ನೆರೆಮನೆಯವರು ಬೈದ ಹಾಗೆ.
ಇವತ್ತು ಹದಿನೇಳು.
ಮತ್ತೆ ಎಣಿಸಿದೆ. ಹದಿನೇಳು.
ನೀನೊಮ್ಮೆ ನೋಡು ಅಂದೆ ಅನ್ಸೀಫನಿಗೆ.
ಅವನು ಮಲಯಾಳದಲ್ಲಿ ಎಣಿಸಿದ,
ಪದಿನೇಳ್.

ಎಲ್ಲೋ, ಹಡಗಿನವರೂ ಅಂಜುವ ತೆಂಕಣ ನೀರಲ್ಲಿ
ಬಿರುಗಾಳಿಯೊಂದು ಕೂಗಿ ಕೂಗಿ ಸತ್ತು ವಾರವಾಗಿರಬೇಕು.
ಕೂಗು ಮಾತ್ರ ಈಗ ನಡೆದು ಬರುತ್ತಿದೆ,
ಉದ್ದುದ್ದ ಹೆಜ್ಜೆ, ಅವಸರವಿಲ್ಲ.
ಕಳ್ಳಕ್ಕಡಲ್ ಅನ್ನುತ್ತಾರೆ ಇದನ್ನು.
ನಮ್ಮ ಕೇರಿಯಲ್ಲಿ ಆ ಮಾತಿಗೆ ಅರ್ಥ ಹೇಳಬೇಕಾಗಿಲ್ಲ.
ಗಡಿಯ ಎರಡೂ ಕಡೆ ಕಳ್ಳ ಕಳ್ಳನೇ,
ತುಳುವಿಗೆ ಬಂದಾಗ ಸ್ವಲ್ಪ ವೇಷ ಬದಲಿಸುತ್ತಾನೆ.

ಎಡಕ್ಕೆ ನೊರೆ, ಬಲಕ್ಕೆ ನೊರೆ, ನಡುವೆ
ಹತ್ತು ಮಾರು ಅಗಲದ ಮೌನ,
ಸೆಗಣಿ ಸಾರಿಸಿದ ಅಂಗಳದಂತೆ ನಯ.
ಎಲ್ಲಿ ಇಳಿಯುತ್ತೀರಿ ಅಂತ ಹೊಸಬರನ್ನು ಕೇಳಿ,
ಅಲ್ಲಿಗೇ ಬೆರಳು ತೋರಿಸುತ್ತಾರೆ.
ದೂಮಣ್ಣ ತೆಂಗಿನ ಸಿಪ್ಪೆಯೊಂದನ್ನು ಅದಕ್ಕೆ ಎಸೆದ.
ಸಿಪ್ಪೆ ದಡಕ್ಕೆ ಬರಲಿಲ್ಲ,
ತಿರುಗಿ ನೋಡದೆ ಹೊರಗೆ ಹೋಯಿತು.
ಏನೂ ಅನ್ನದೆ ಬೀಡಿ ಹಚ್ಚಿದ.
ಅವನ ದೋಣಿ ಮೊನ್ನೆಯಿಂದಲೇ ಗಾಳಿಮರದ ಬುಡದಲ್ಲಿದೆ.

ಬೇಡ, ಅಂದೆ.
ಯಾಕೆ ಮೇಡಂ, ಕೆರೆ ಇದ್ದ ಹಾಗೆ ಇದೆಯಲ್ಲ!
ಕೆಂಪು ಬಾವುಟ ನೆಟ್ಟೆ. ಅದೂ ಗಾಳಿಯಿಲ್ಲದೆ
ಕೋಲಿಗೆ ಜೋತುಬಿದ್ದು
ನನ್ನ ಪರವಾಗಿ ಒಂದು ಮಾತಾಡಲಿಲ್ಲ.
ನನಗೆ ಈಜು ಬರುತ್ತದೆ, ಅಂದ ಹುಟ್ಟುಹಬ್ಬದವ.
ಬರುತ್ತದೆ ಅನ್ನುವವರಿಗೇ ನಾನು ಹೆದರುವುದು.
ಮುಂಗಡ ಎಣಿಸಿ ವಾಪಸು ಕೊಟ್ಟೆ, ಒಂಬತ್ತು ಸಾವಿರ.
ಚಾ ತರಿಸಿದೆ. ಇಬ್ಬರು ಕುಡಿದರು.
ಉಳಿದವರು ತೆಂಕಕ್ಕೆ ಎಷ್ಟು ದೂರ ಎಂದು ಫೋನು ನೋಡಿದರು.

ಅವರಿಗೆ ಹೇಳದ ಒಂದು ಸಂಗತಿ.
ಹೋದ ವರ್ಷ ಮೇ ತಿಂಗಳಲ್ಲಿ ಒಂದು ದಿನ
ಹದಿನಾರು ಎಣಿಸಿ, ಹನ್ನೊಂದು ಅಂತ
ನನಗೆ ನಾನೇ ಹೇಳಿಕೊಂಡಿದ್ದೆ. ಬ್ಯಾಂಕಿನ ಕಂತು ಇತ್ತು.
ಬದಿಯಡ್ಕದ ಟೀಚರೊಬ್ಬಳು ನೀರಿನಡಿ ಹೋದವಳು
ನಾನು ನಲವತ್ತು ಎಣಿಸಿದ ಮೇಲೆ ಎದ್ದಳು,
ಮೂಗಲ್ಲಿ ಉಪ್ಪು, ಕೆಂಪು ಕಣ್ಣು, ಬಾಯಿ ತುಂಬ ನಗು.
ಎಂಥಾ ಮಜಾ ಅಂದಳು!
ಮುಂದಿನ ಸಲ ತಂಗಿಯನ್ನೂ ಕರೆತಂದಳು.
ಆ ನಲವತ್ತು ನನ್ನ ಹತ್ತಿರವೇ ಉಳಿದಿದೆ,
ಯಾರಿಗೂ ವಾಪಸು ಕೊಡಲಾಗದ ಮುಂಗಡ.

ಹನ್ನೊಂದಕ್ಕೂ ಕಡಲು ಹಾಗೇ ಇತ್ತು. ಎರಡಕ್ಕೂ.
ಬರುತ್ತದಾ ಚೇಚ್ಚಿ, ಅಂದ ಅನ್ಸೀಫ್, ಮೇಣ ಕೆರೆಯುತ್ತ.
ಗೊತ್ತಿಲ್ಲ ಅಂದೆ.
ಬಂದರೆ ಊರಿಗೆ ಕಷ್ಟ, ಬಾರದಿದ್ದರೆ ನನ್ನ ಹೆಸರಿಗೆ.
ಬಾರದಿರಲಿ ಅಂತ ಬೇಡಿಕೊಳ್ಳುವಾಗಲೂ
ಒಳಗೊಂದು ಸಣ್ಣ ಆಸೆ, ಹೇಳಬಾರದ್ದು.

ಶೆಡ್ಡಿಗೆ ಬೀಗ ಹಾಕುವಾಗ ಫೋನು ಮಿಣುಕಿತು.
ಯಾವುದೋ ಹೊಳೆಬಾಯಿ, ಸೊಂಟದವರೆಗೆ ನೀರು,
ಎಲ್ಲರ ಮೂತಿಗೂ ಕೇಕು.
ಏನೂ ಆಗಲಿಲ್ಲ ಮೇಡಂ, ಎಂದು ಬರೆದಿದ್ದ.
ತಲೆ ಎಣಿಸಿದೆ.
ಐದು.
ದೊಡ್ಡದು ಮಾಡಿ ಮತ್ತೆ ಎಣಿಸಿದೆ.
ಐದೇ.

ಫೋಟೋ ತೆಗೆದವನೊಬ್ಬ ಇರಲೇಬೇಕಲ್ಲ
ಎಂದು ಹೊಳೆಯುವ ಹೊತ್ತಿಗೆ
ಚಪ್ಪಲಿ ಬಿಚ್ಚಿ
ಮರಳಿಗೆ ಇಳಿದಿದ್ದೆ.