ಹಸಿರಿನ ವಾರಗಳು

ಹಾರ್ಶಮ್ ಪೇಟೆಯ ಇಗರ್ಜಿಯಲ್ಲಿ
ಪೂಜಾವಸ್ತ್ರಗಳ ಇಸ್ತ್ರಿ ನನ್ನ ಪಾಲಿಗೆ.
ಕಲಿಸಿದವಳು ನೋರೀನ್ ಹೆಫರ್ನನ್:
"ಕಸೂತಿಯ ಶಿಲುಬೆ ಮಗುಚಿ ಹಾಕು, ಬೆನ್ನಿಗೆ ಬಿಸಿ ಕೊಡು."

ಇಲ್ಲಿ ವರ್ಷವೂ ಮಗುಚಿ ಹಾಕಿದ್ದೇ.
ಆಗಮನ ಕಾಲದ ನೇರಳೆಗೆ ನಲವತ್ತು ಡಿಗ್ರಿ ಸೆಕೆ,
ಗೋಧಿ ಕಟಾವು; ಕ್ರಿಸ್ಮಸ್ ರಾತ್ರಿಯ ಪೂಜೆಗೆ
ಕಿವಿಯೊಳಗೆ ಹೊಟ್ಟು ಹೊತ್ತೇ ಬರುತ್ತಾರೆ ಗಂಡಸರು.
ಪಾಸ್ಖದ ಹೊಸ ಬೆಂಕಿಯ ಸುತ್ತ
ಹಣ್ಣೆಲೆ ಉದುರುತ್ತಿರುತ್ತದೆ.
ಸೆಪ್ಟೆಂಬರ್ ಎಂಟು, ಮಾತೆಯ ಹುಟ್ಟುಹಬ್ಬ,
ಊರಲ್ಲಾದರೆ ಹೊಸ ತೆನೆ;
ಇಲ್ಲಿ ಹೊಲ ಇನ್ನೂ ಹೊಡೆ.
ಬಿಚ್ಚದ ಹಸಿ ಕಡ್ಡಿಯನ್ನೇ ಒಯ್ದೆ ಒಮ್ಮೆ, ನಾಚುತ್ತ.
ನೋರೀನ್ ನಕ್ಕಳು:
"ಹುಟ್ಟಿದ ದಿನ ಯಾವ ಮಗು ಮಾಗಿರುತ್ತೆ?"

ಅವಳಿಗೆ ಬಿಳಿ ಇಷ್ಟ ಅಂದುಕೊಂಡಿದ್ದೆ. ಅಲ್ಲ, ಹಸಿರು.
"ಹಬ್ಬಕ್ಕೆ ಹೂವಿರುತ್ತೆ, ಹಾಡುವವರಿರುತ್ತಾರೆ, ತಾನಾಗಿ ನಡೆಯುತ್ತೆ.
ಸಾಧಾರಣ ಕಾಲದ ಹದಿನೇಳನೇ ಭಾನುವಾರ,
ಹನ್ನೊಂದೇ ಜನ, ಹೀಟರ್ ಕೆಟ್ಟಿದೆ.
ಆಗ ಬಾ."

ಜುಲೈಯಲ್ಲಿ ಅವಳ ಕೈ ನಡುಗತೊಡಗಿತು.
ಆಗಸ್ಟಿನಲ್ಲಿ ಹೋದಳು,
ಯಾವ ಸಂತರ ಹೆಸರೂ ಇಲ್ಲದ ಒಂದು ಮಂಗಳವಾರ.
ಮರಣದ ಪೂಜೆಗೆ ಗುರುಗಳು ಬಿಳಿ ತೊಟ್ಟರು.
ಇಸ್ತ್ರಿ ನನ್ನದೇ, ಒಂದು ನಿರಿಗೆ ಉಳಿದಿತ್ತು.

ಶನಿವಾರ ಸಂಜೆ ಮತ್ತೆ ಹಸಿರು ತೆಗೆದೆ.
ಒಳಮಗ್ಗುಲಲ್ಲಿ ಕಂದು ಕಲೆ,
ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು,
ಎಷ್ಟು ವರ್ಷದ್ದೋ, ಯಾರಿಗೂ ಹೇಳದ್ದು.
ಅದರ ಮೇಲೂ ಒಮ್ಮೆ ಬಿಸಿ ಆಡಿಸಿ
ಮೆಲ್ಲಗೆ ಮಗುಚಿದೆ.

ಮಾರನೆಯ ದಿನ ಬಂದವರು
ನನ್ನನ್ನೂ ಸೇರಿಸಿ ಹತ್ತು ಜನ.