ಹನ್ನೊಂದನೆಯ ಕಲಂ

ಚಿರುಂಡು ಸೇತುವೆಯ ಬಳಿ ಬಸ್ಸಿನಿಂದ ಎಲ್ಲರನ್ನೂ ಇಳಿಸಿದರು.
ಕೆಳಗೆ ಜಾಂಬೆಜಿಯಲ್ಲಿ ನೀರಾನೆಗಳು
ಕಿವಿಯಷ್ಟೇ ಹೊರಗಿಟ್ಟು ಮುಳುಗಿದ್ದವು.
ಎದುರುಗೊಳ್ಳಲೆಂದು ನಾನು ಈ ದಡದಲ್ಲಿ ನಿಂತಿದ್ದೆ.
ಮಾಯಿದೇಯಿಯ ಚೀಲದಲ್ಲಿ ಮೂರು ಸೋರೆಬುರುಡೆ,
ಒಂದೊಂದರಲ್ಲೂ ಬೂದಿ, ಬೂದಿಯೊಳಗೆ ಬೀಜ.

‘ಇದೇನು?’
ರಾಗಿ. ಒಂದು ಮುಷ್ಟಿ ಬಿಗಿದದ್ದು, ಒಂದು ಬೆರಳು ಬಿಚ್ಚಿದ್ದು,
ಮತ್ತೊಂದು ಹಕ್ಕಿಗೆ ಸೇರದ್ದು.
‘ಪ್ರಮಾಣಪತ್ರ?’
ಇಲ್ಲ.
‘ಕೊಟ್ಟವರು ಯಾರು?’
ನಮ್ಮತ್ತೆ.
ಆತ ಕೆಟ್ಟವನೇನಲ್ಲ. ನಮೂನೆಯಲ್ಲಿ ಖಾಲಿ ಬಿಡಬಾರದೆಂದು
‘ಪೂರೈಕೆದಾರ ಸಂಸ್ಥೆ’ಯ ಮುಂದೆ
ದುಂಡಗೆ ಬರೆದ: ಅತ್ತೆ.
ಬುರುಡೆಗಳನ್ನು ಇಟ್ಟುಕೊಂಡು ರಶೀದಿ ಕೊಟ್ಟ.

ಲುಸಾಕದಲ್ಲಿ ರಾತ್ರಿ ಎಂಟಕ್ಕೆ ಕರೆಂಟು ಹೋಯಿತು.
ನಮ್ಮ ಕಾಗದಪತ್ರಗಳ ತಲೆಯ ಮೇಲೆ
ಆರು ದೇಶದ ನಕ್ಷೆಯಿದೆ, ತುಂಬ ಬಾಣಗಳಿವೆ.
ನಿಜವಾದ ಜಾಲವೆಂದರೆ ಅವತ್ತು
ಕುಂಟುವ ಒಂದು ಮೇಜು, ಎರಡು ಮೊಬೈಲಿನ ಬೆಳಕು,
ಆರಿದ ಮುದ್ದೆ,
ಮಲಾವಿಯಿಂದ ಬಂದ ಮವೂಟೊ,
ಮೊಜಾಂಬಿಕ್‌ನ ವಕೀಲೆ ಸೆಲೆಸ್ಟೀನಾ,
ಟೈಪು ಮಾಡುವ ನಾನು, ಮುಟಿಂಟಾ.
ಗೋಡೆಗೆ ತಿರುಗಿ ಮಲಗಿದ್ದಳು ಮಾಯಿದೇಯಿ.

‘ಬೀಜವನ್ನು ಕೃಷಿಕರು
ಇಟ್ಟುಕೊಳ್ಳಬಹುದು, ಬಿತ್ತಬಹುದು,
ಕೊಟ್ಟು ತರಬಹುದು, ಮಾರಬಹುದು.’

ನಾಲ್ಕೂ ದಾಟುವುದಿಲ್ಲ, ಅಂದಳು ಸೆಲೆಸ್ಟೀನಾ.
ಮೂರಾದರೆ ದಾಟೀತು.
ಯಾವ ಬೆರಳು ಕಡಿಯಲಿ, ನೀನೇ ಹೇಳು,
ಎಂದು ಮವೂಟೊ ಕೈ ಮುಂದೆ ಚಾಚಿದ.
ಆಮೇಲೆ ಎದ್ದು ಹೊರಗೆ ಹೋದ, ಸಿಗರೇಟಿಗೆ.
ಮಂತ್ರಿಗಳನ್ನು ಬೈದೆವು. ಕಂಪನಿಗಳನ್ನು ಬೈದೆವು.
ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು.
ಬ್ಯಾಟರಿ ಹತ್ತೊಂಬತ್ತಕ್ಕೆ ಇಳಿದಾಗ
ನಾಲ್ಕನೆಯದನ್ನು ಅಳಿಸಿದೆ.

ಕತ್ತಲೆಯಿಂದ ಮಾಯಿದೇಯಿ:
‘ಮಾರುವುದನ್ನೇ ಯಾಕೆ?
ಒಂದು ಡಬ್ಬಿ ರಾಗಿ ಅಂದರೆ ಎರಡು ನೋಟ್‌ಬುಕ್ಕು,
ಒಂದು ಸೋಪು.’
ನಿದ್ದೆ ಬಂದಿದೆ ಎಂದುಕೊಂಡಿದ್ದೆವು ಅವಳಿಗೆ.
ಯಾರೂ ಉತ್ತರ ಕೊಡಲಿಲ್ಲ.
ನಾನಂತೂ ಬ್ಯಾಟರಿಯನ್ನೇ ನೋಡುತ್ತಿದ್ದೆ.

ಬೆಳಿಗ್ಗೆ ಸಭೆ. ಬಾಟಲಿ ನೀರು, ಪುಟ್ಟ ಬಾವುಟಗಳು.
ತಜ್ಞರೊಬ್ಬರು ಬೀಜದ ಲಕ್ಷಣ ಓದಿದರು:
ಭಿನ್ನ, ಏಕರೂಪ, ಸ್ಥಿರ.
‘ಏಕರೂಪ’ವನ್ನು ಅವಳ ಮಾತಿಗೆ ತರಲಾಗದೆ
ಸಾಲಿನಲ್ಲಿ ನಿಂತ ಶಾಲೆಯ ಮಕ್ಕಳ ಹಾಗೆ,
ಎಲ್ಲ ಒಂದೇ ಎತ್ತರ, ಅಂದೆ.
‘ಹಾಗಾದರೆ ಗಾಳಿ ಬಂದರೆ ಒಟ್ಟಿಗೇ ಮಲಗುತ್ತವೆ,’
ಅಂದಳು. ಇದನ್ನು ನಾನು ಮೈಕಿನಲ್ಲಿ ಹೇಳಲಿಲ್ಲ.

ಅಧ್ಯಕ್ಷರು ಹೆಸರು ಕೇಳಿದರು.
ಮಾಯಿದೇಯಿ. ಹಾಗೆಂದರೆ?
‘ನಿಮಗೇನು ಬೇಕಾಗಿತ್ತು?’ ಎಂದರ್ಥ, ಸ್ವಾಮಿ.
ನಾಲ್ಕನೆಯದೂ ಹೆಣ್ಣಾದಾಗ ಮೂತಿ ತಿರುಗಿಸಿದ ನೆಂಟರಿಗೆ
ಇವಳಮ್ಮ ಇಟ್ಟ ಹೆಸರು.
ಸಭೆ ನಕ್ಕಿತು. ಒಳ್ಳೆಯ ನಗೆ, ಕಾಫಿಗೆ ಮುಂಚಿನದು.
ನಗೆ ನಿಲ್ಲುವವರೆಗೆ ಅವಳು ಕಾದಳು.
ತಲೆವಸ್ತ್ರದ ಗಂಟು ಬಿಚ್ಚಿ ರಶೀದಿ ತೆಗೆದು
ಮೇಜಿನ ಮೇಲೆ ಅಂಗೈಯಿಂದ ನೇವರಿಸಿ ಚಪ್ಪಟೆ ಮಾಡಿ
ಕೇಳಿದಳು:
‘ಈ ವರ್ಷ ನನಗುಳಿದದ್ದು ಇದು.
ಎಷ್ಟು ಆಳಕ್ಕೆ ಬಿತ್ತಲಿ?’

ಇದನ್ನು ಮೈಕಿನಲ್ಲಿ ಹೇಳಿದೆ. ಎರಡು ಸಲ ಹೇಳಿದೆ.

ಮಧ್ಯಾಹ್ನ ಮೂರು ಕ್ರಿಯಾಪದ ದಾಟಿದವು.
ಹನ್ನೊಂದು ವರ್ಷದಲ್ಲಿ ನಾವು ಗೆದ್ದದ್ದು ಇಷ್ಟು;
ಕಡಿಮೆಯಲ್ಲ ಎಂದು ಸೆಲೆಸ್ಟೀನಾ ಅತ್ತಳು,
ಕಡಿಮೆಯೇ ಎಂದು ಮವೂಟೊ ಸುಮ್ಮನಿದ್ದ.
ನಾಲ್ಕನೆಯದು ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ:
‘ಮುಂದಿನ ಸಭೆಯಲ್ಲಿ ಪರಿಶೀಲಿಸತಕ್ಕದ್ದು.’
ರಶೀದಿಯನ್ನು ಕಡತಕ್ಕೆ ಸೇರಿಸೋಣ ಎಂದರು.
ಅವಳು ಕೊಡಲಿಲ್ಲ. ಬುರುಡೆ ವಾಪಸು ಕೇಳಬೇಕಲ್ಲ.

ಬಸ್ಸು ಹತ್ತುವ ಮುಂಚೆ ನನ್ನ ಮಣಿಕಟ್ಟು ಹಿಡಿದಳು.
‘ಆ ನನ್ನ ಮಾತನ್ನು ಎಲ್ಲಿಟ್ಟಿದ್ದೀರಿ?’
ಅಡಿಟಿಪ್ಪಣಿಯಲ್ಲಿ, ಅಂದೆ.
ಅದೆಂಥ ಜಾಗ, ತೇವವೋ, ಒಣಗಿದ್ದೋ
ಎಂದು ಯೋಚಿಸಿದವಳ ಹಾಗೆ ನಿಂತು,
‘ಬೂದಿ ಹಾಕಿಡಿ,’ ಅಂದಳು.
‘ಹುಳ ಬೀಳುತ್ತದೆ.’